ಕೋಟಿ ಕಿವಿಗಳ ನಾಪತ್ತೆ ಪ್ರಕರಣ

ಜನಪ್ರಿಯ ಹಾಡುಗಳ ಪಟ್ಟಿಯ ನೆತ್ತಿಯ ಮೇಲೆ ಈ ವಾರ ಯಾವುದೋ ಒಂದು ಹಾಡು ಹತ್ತಿ ಕೂತಿದೆ. ಕೇಳಿದವರ ಲೆಕ್ಕ ಕೋಟಿಗಳಲ್ಲಿ. ಶಿರಸಿಯ ದೇವಿಕೆರೆಯಿಂದ ಮಾರಿಗುಡಿಯವರೆಗೆ ವಿಚಾರಿಸಿದ್ದಾಯಿತು, ಕೇಳಿದವರು ಒಬ್ಬರೂ ಸಿಗಲಿಲ್ಲ. ಅಡಿಕೆ ಮಾರಲು ಬಂದಿದ್ದ ಹೆಗಡೇರೊಬ್ಬರು ಕವಳವನ್ನು ಒಂದು ಕೆನ್ನೆಗೆ ಸರಿಸಿ, "ಯಂಗೆ ಗೊತ್ತಿಲ್ಯೋ ತಮಾ, ರಾಶಿ ಅಡಿಕೆ ದರ ಬೇಕಾದ್ರೆ ಹೇಳ್ತಿ" ಎಂದರು.

ಹಾಗಾದರೆ ಕೇಳಿದ್ದು ಯಾರು? ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ ಲೆಕ್ಕದಲ್ಲಿ 30 ಸೆಕೆಂಡ್ ಓಡಿದರೆ ಸಾಕು, ಹಾಡು ಒಂದು ಸಲ ಕೇಳಿದಂತೆ. ಅಷ್ಟರಲ್ಲಿ ನಮ್ಮ ಯಕ್ಷಗಾನದ ಭಾಗವತರು ಜಾಗಟೆ ಸರಿಮಾಡಿಕೊಂಡು ಗಂಟಲು ಕೆರೆದಿರುತ್ತಾರೆ, ಅಷ್ಟೇ.

2019ರಲ್ಲಿ ರ್ಯಾಪ್ ಗಾಯಕ ಬಾದ್‌ಷಾ ಹಾಡೊಂದು 24 ಗಂಟೆಯಲ್ಲಿ ಏಳೂವರೆ ಕೋಟಿ ವೀಕ್ಷಣೆ ಬಾಚಿಕೊಂಡಿತು. ಅದರಲ್ಲಿ ಜಾಹೀರಾತಿಗೆ ದುಡ್ಡು ಸುರಿದು ಬಂದ ವೀಕ್ಷಣೆಯೂ ಇತ್ತು. ಯೂಟ್ಯೂಬ್ ಅದನ್ನು ದಾಖಲೆ ಎಂದು ಒಪ್ಪಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಇಂಥ ವೀಕ್ಷಣೆಯನ್ನು ಪಟ್ಟಿಯ ಲೆಕ್ಕದಿಂದಲೇ ಕೈಬಿಟ್ಟಿತು. ಅಲ್ಲಿಯವರೆಗೆ, ಅಪ್ಪೆಹುಳಿ ವಿಡಿಯೋ ಹಚ್ಚಿ, ಕೈಗೆಲ್ಲ ಮಾವಿನಕಾಯಿ ಸೊನೆ ಮೆತ್ತಿಕೊಂಡು, ನಡುವೆ ಜಾಹೀರಾತಾಗಿ ನುಗ್ಗಿದ ಹಾಡನ್ನು ದಾಟಿಸಲಾಗದೆ ನಿಂತ ಅತ್ತಿಗೆಯೂ ಆ ಗಾಯಕನ ಕಟ್ಟಾ ಅಭಿಮಾನಿಯೇ!

ಈಗ ಅತ್ತಿಗೆಯೂ ಬೇಡ. 2024ರಲ್ಲಿ ಅಮೆರಿಕದಲ್ಲಿ ಒಬ್ಬನ ಮೇಲೆ ಮೊಕದ್ದಮೆ ಬಿತ್ತು: ಕೃತಕ ಬುದ್ಧಿಮತ್ತೆಯಿಂದ ಲಕ್ಷಾಂತರ ಹಾಡು ಹೊಸೆದು, ಬಾಟ್‌ಗಳಿಗೆ (ತಾವಾಗಿಯೇ ಓಡುವ ಪ್ರೋಗ್ರಾಂಗಳಿಗೆ) ಕೇಳಿಸಿ, ಕೇಳಿದ ಲೆಕ್ಕಕ್ಕೆ ಸಿಗುವ ದುಡ್ಡಿನಲ್ಲಿ ಕೋಟಿ ಡಾಲರ್ ಬಾಚಿದ ಎಂಬ ಆರೋಪ. ಹಾಡಿದ್ದೂ ಯಂತ್ರ, ತಲೆದೂಗಿದ್ದೂ ಯಂತ್ರ. ಕರೆಂಟು ಹೋದರೆ ಟವರೂ ಹೋಗುವ ನಮ್ಮ ಘಟ್ಟದ ಹಳ್ಳಿಗಳಿಂದ ಆ ಕೋಟಿಗೆ ಒಂದು ಕಿವಿಯೂ ಸೇರಿಲ್ಲವೆಂದು ಮಾರಿಕಾಂಬೆಯ ಮುಂದೆ ಬೇಕಾದರೂ ಪ್ರಮಾಣ ಮಾಡಬಹುದು.

ನನಗೆ ಹಿಡಿಸಿದ್ದು ಮಾತ್ರ ವುಲ್ಫ್‌ಪೆಕ್ ಎಂಬ ಅಮೆರಿಕದ ತಂಡ. 2014ರಲ್ಲಿ ಸ್ಪಾಟಿಫೈಯಲ್ಲಿ ಹತ್ತು ಹಾಡು ಬಿಟ್ಟರು. ಒಂದರಲ್ಲೂ ಸದ್ದಿಲ್ಲ, ಒಂದೊಂದೂ ಅರ್ಧ ನಿಮಿಷಕ್ಕೆ ತುಸು ಜಾಸ್ತಿ. ರಾತ್ರಿ ಹಚ್ಚಿಟ್ಟು ಮಲಗಿ ಎಂದರು. ಅಭಿಮಾನಿಗಳು ಮಲಗಿದರು, ಸುಮಾರು 20,000 ಡಾಲರ್ ಬಂತು. ಆಮೇಲೆ ಸ್ಪಾಟಿಫೈ ಅದನ್ನು ಕಿತ್ತುಹಾಕಿತು.

ನಿದ್ದೆಯೂ ಲೆಕ್ಕಕ್ಕೆ ಬರುವುದಾದರೆ ಉತ್ತರ ಕನ್ನಡವನ್ನು ಮೀರಿಸುವವರಿಲ್ಲ. ಟೆಂಟ್ ಆಟದಲ್ಲಿ ರಾತ್ರಿ ಎರಡರ ಮೇಲೆ ಕುರ್ಚಿಗೆ ಕುತ್ತಿಗೆ ಆನಿಸಿ, ಮಫ್ಲರ್ ಸುತ್ತಿ, ಚಂಡೆ ಪೆಟ್ಟಿಗೂ ಅಲುಗದವರನ್ನೆಲ್ಲ ಎಣಿಸಿದರೆ ಭಾಗವತರೇ ನಂಬರ್ ಒನ್. ಮೇಳದ ಯಜಮಾನರೊಬ್ಬರಿಗೆ ಈ ಯೋಜನೆ ಒಪ್ಪಿಸಿದೆ. ಅವರದ್ದು ಒಂದೇ ತಕರಾರು: ಮಲಗಿದವರಲ್ಲಿ ಅರ್ಧ ಜನ ಪಾಸಿನ ಮೇಲೆ ಬಂದವರು.