ಡೆಲ್ಟಿಕ್ ಸದ್ದು ಕೇಳಿದವರಿಗೆ ಗೊತ್ತು

ರೈಲು ನೋಡುವ ಹವ್ಯಾಸದ ಬಗ್ಗೆ ಒಂದು ಲೇಖನ ಓದಿದೆ. ಬ್ರಿಟನ್ನಿನಲ್ಲಿ ಆ ಹವ್ಯಾಸವೆಂದರೆ ರೈಲುಗಳ ನಂಬರ್ ಬರೆದುಕೊಳ್ಳುವುದಷ್ಟೇ ಎಂಬಂತೆ ಅದರಲ್ಲಿ ಬಂದಿದೆ. ಉಳಿದದ್ದೆಲ್ಲ ಚೆನ್ನಾಗಿದೆ, ಆ ಒಂದು ಮಾತು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ.

ಅಪ್ಪ ಆಗ ಯಾರ್ಕ್‌ಶೈರ್‌ನಲ್ಲಿ ಡಾಕ್ಟರು. 1980-81ರಲ್ಲಿ ಶನಿವಾರ ಬಂತೆಂದರೆ ನಾನು ಯಾರ್ಕ್ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ತುದಿಯಲ್ಲಿ. ಜೇಬಿನಲ್ಲಿ ನೋಟ್‌ಬುಕ್, ಕೈಯಲ್ಲಿ ಅಮ್ಮ ಸುತ್ತಿಕೊಟ್ಟ ಚಪಾತಿ. ಕಾಯುತ್ತಿದ್ದದ್ದು ಡೆಲ್ಟಿಕ್ ಎಂಬ ಡೀಸೆಲ್ ಲೋಕೋಮೋಟಿವ್‌ಗಾಗಿ. ಮಾಡಿದ್ದೇ 22. ಒಂದೊಂದರ ಹೊಟ್ಟೆಯಲ್ಲೂ 18 ಸಿಲಿಂಡರಿನ ಎರಡೆರಡು ನೇಪಿಯರ್ ಕಂಪನಿಯ ಡೀಸೆಲ್ ಎಂಜಿನ್, ಒಟ್ಟು 3,300 ಅಶ್ವಶಕ್ತಿ. ಅದು ಹೊರಡುವಾಗ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತಿತ್ತು. ಹೊಗೆ ಎದ್ದು ಬಾಗಿದ ಚಾವಣಿಯ ಕಬ್ಬಿಣದ ಕಮಾನುಗಳ ನಡುವೆ ಸುಮಾರು ಹೊತ್ತು ಹಾಗೇ ನಿಂತಿರುತ್ತಿತ್ತು. ಕೆಲವಕ್ಕೆ ರೇಸ್ ಗೆದ್ದ ಕುದುರೆಗಳ ಹೆಸರು, ಉಳಿದವಕ್ಕೆ ಸೇನೆಯ ರೆಜಿಮೆಂಟುಗಳದ್ದು. ನನಗೆ ಪ್ರೀತಿ 'ಟುಲ್ಯಾರ್' ಮೇಲೆ.

ಗಂಟೆಗೆ 125 ಮೈಲಿ ಓಡುವ ಇಂಟರ್‌ಸಿಟಿ 125 ಬಂದ ಮೇಲೆ ಇವಕ್ಕೆ ಕೆಲಸ ತಪ್ಪಿತು. ಅದೂ ಚೆಂದದ ರೈಲೇ, ಸುಳ್ಳು ಹೇಳಬಾರದು. 1982ರ ಜನವರಿ 2ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಎಡಿನ್‌ಬರೋಗೆ ವಿದಾಯದ ವಿಶೇಷ ರೈಲು ಓಡಿತು. ಹೋಗುವಾಗ ಎಳೆದದ್ದು ನನ್ನ ಟುಲ್ಯಾರ್, ಬರುವಾಗ 'ರಾಯಲ್ ಸ್ಕಾಟ್ಸ್ ಗ್ರೇ'. ಅವತ್ತು ನನಗೆ ಊಟ ಸೇರಲಿಲ್ಲ.

ಆರು ಡೆಲ್ಟಿಕ್‌ಗಳನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದಾರೆ. ಹೋದ ಸಲ ಅಲ್ಲಿಗೆ ಹೋದಾಗ ಮಗಳಿಗೆ ಒಂದನ್ನು ತೋರಿಸಿದೆ. ಎಂಜಿನ್ ಆಫ್ ಆಗಿತ್ತು. ಹಳದಿ ಮೂತಿಯ ಮೇಲೆ ಕೈಯಿಟ್ಟೆ, ತಣ್ಣಗಿತ್ತು. ಆ ಸದ್ದು ಹೇಗಿತ್ತು ಅಂತ ಬಾಯಲ್ಲಿ ಮಾಡಿ ತೋರಿಸಲು ಹೋದೆ, ಗಂಟಲು ಕಟ್ಟಿತು.