ತಡೆಯುವವರಿಗೆ ಕೂಗುವ ಊರು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇಯ ಲ್ಯಾಂಬೋ ಫೀಲ್ಡ್ ಸ್ಟೇಡಿಯಂನಲ್ಲಿ ಎಂಬತ್ತು ಸಾವಿರ ಜನ ಕೂರುತ್ತಾರೆ. ಅವರ ಫುಟ್‌ಬಾಲ್ ತಂಡ ಪ್ಯಾಕರ್ಸ್ ಕೈಯಲ್ಲಿ ಚೆಂಡು ಇದ್ದಾಗ ಅಷ್ಟೂ ಜನ ದನಿ ತಗ್ಗಿಸಿಬಿಡುತ್ತಾರೆ. ದಾಳಿಯನ್ನು ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಕೂಗಿ ಹೇಳುವ ಮಾತು ಜೊತೆಯವರಿಗೆ ಕೇಳಿಸಬೇಕಲ್ಲ, ಅದಕ್ಕೆ. ಚೆಂಡು ಎದುರಾಳಿ ಕೈಗೆ ಹೋಯಿತು ಅನ್ನಿ, ಎಲ್ಲರೂ ಎದ್ದು ನಿಂತು ಗಂಟಲು ಕಿತ್ತುಹೋಗುವ ಹಾಗೆ ಕಿರುಚುತ್ತಾರೆ. ಅವರ ಗದ್ದಲವೆಲ್ಲ ತಡೆಯುವವರಿಗೆ ಸಹಾಯ.

ಚಿನ್ನಸ್ವಾಮಿ ಸ್ಟೇಡಿಯಂಗೆ ಒಗ್ಗಿದ ನಮಗೆ ಇದು ಪೂರ್ತಿ ಉಲ್ಟಾ. ನಾವು ಕೂಗುವುದು ನಮ್ಮವರು ಬ್ಯಾಟ್ ಹಿಡಿದಾಗ. ನಮ್ಮವರು ಬೌಲಿಂಗ್ ಮಾಡುವಾಗ ವಿಕೆಟ್ ಬಿದ್ದರೆ ಮಾತ್ರ ಏಳುತ್ತೇವೆ, ಇಲ್ಲದಿದ್ದರೆ ತಿಂಡಿ ತರಲು ಹೋಗುತ್ತೇವೆ. ವಿಸ್ಕಾನ್ಸಿನ್‌ನಲ್ಲಿ ಇಷ್ಟು ಕಾಲ ಇದ್ದ ಮೇಲೆ ಈ ವ್ಯತ್ಯಾಸ ನನಗೆ ತುಂಬಾ ದೊಡ್ಡದು ಅನಿಸುತ್ತದೆ. ಇಲ್ಲಿನ ಅಭಿಮಾನಿಗಳು ಡಿಫೆನ್ಸ್ ಬಗ್ಗೆ ಮಾತಾಡುವ ಹಾಗೆ ನಾವು ನಮ್ಮ ಬೌಲರ್‌ಗಳ ಬಗ್ಗೆ ಮಾತಾಡಬೇಕು. ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ.

ಇಲ್ಲಿ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ದಾಳಿಗೆ ಹನ್ನೊಂದು ಜನ, ತಡೆಯುವುದಕ್ಕೆ ಬೇರೆಯೇ ಹನ್ನೊಂದು ಜನ. ಹತ್ತು ಗಜ ಮುಂದೆ ಹೋಗಲು ದಾಳಿಯವರಿಗೆ ನಾಲ್ಕು ಅವಕಾಶ. ಡಿಫೆನ್ಸ್‌ಗೆ ಆಯ್ಕೆಯಾದವನು ಇಡೀ ಸೀಸನ್ ತಡೆಯುವ ಕೆಲಸವನ್ನೇ ಮಾಡುತ್ತಾನೆ. ಹಾಗಾಗಿ ಅವನ ಬಗ್ಗೆ ಬೇರೆಯೇ ಲೆಕ್ಕ, ಬೇರೆಯೇ ಚರ್ಚೆ.

2025ರ ಆಗಸ್ಟ್ ಕೊನೆಯ ವಾರವನ್ನೇ ನೋಡಿ. ಪ್ರತಿ ತಂಡವೂ 90 ಜನರ ಪಟ್ಟಿಯನ್ನು 53ಕ್ಕೆ ಇಳಿಸಬೇಕಾದ ವಾರ ಅದು. ಆಫೀಸಿನಲ್ಲಿ, ಹೋಟೆಲಿನಲ್ಲಿ, ಕಿರಾಣಿ ಅಂಗಡಿಯ ಬಿಲ್ಲಿನ ಸಾಲಿನಲ್ಲಿ ಅದೇ ಮಾತು. ಐದನೇ ಸೇಫ್ಟಿ ಬೇಕಾ? ಇನ್ನೊಬ್ಬ ಕಾರ್ನರ್‌ಬ್ಯಾಕ್ ಬೇಕಾ? (ಇಬ್ಬರೂ ಹಿಂದೆ ನಿಂತು ಎದುರಾಳಿ ಎಸೆಯುವ ಪಾಸ್ ತಡೆಯುವವರು.) ಪಟ್ಟಿಯಿಂದ ಬಿಟ್ಟ ಹುಡುಗನನ್ನು ಬೇರೆ ತಂಡ ಎತ್ತಿಕೊಂಡು ಹೋದರೆ ಏನು ಗತಿ? 53ನೇ ಜಾಗಕ್ಕೆ ಯಾರು ಅನ್ನುವುದರ ಮೇಲೆ ಜನ ನಿಜವಾಗಿ ಬೇಜಾರು ಮಾಡಿಕೊಳ್ಳುತ್ತಾರೆ.

ಅದೇ ವಾರ ದೊಡ್ಡ ಸುದ್ದಿ ಬಂತು. ಆಗಸ್ಟ್ 28ರಂದು ಪ್ಯಾಕರ್ಸ್ ಡಲ್ಲಾಸ್ ತಂಡದಿಂದ ಮೈಕಾ ಪಾರ್ಸನ್ಸ್‌ನನ್ನು ತಂದರು. ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಬೆನ್ನಟ್ಟಿ ಕೆಡವುವುದು ಅವನ ಕೆಲಸ. ಹಾಗೆ ಕೆಡವಿದರೆ ಒಂದು ಸ್ಯಾಕ್. ಡಲ್ಲಾಸ್‌ನಲ್ಲಿ ಆಡಿದ ನಾಲ್ಕೂ ಸೀಸನ್‌ಗಳಲ್ಲಿ ಅವನ ಸ್ಯಾಕ್ ಲೆಕ್ಕ 12ಕ್ಕಿಂತ ಕೆಳಗೆ ಇಳಿದಿರಲಿಲ್ಲ. ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರ್ ಒಪ್ಪಂದ. ಅವನಿಗೆ ಬದಲಾಗಿ ಪ್ಯಾಕರ್ಸ್ 2026 ಮತ್ತು 2027ರ ಡ್ರಾಫ್ಟ್‌ನ ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟರು. ಅಂದರೆ ಕಾಲೇಜಿನಿಂದ ಬರುವ ಒಳ್ಳೆಯ ಹುಡುಗರನ್ನು ಮೊದಲೇ ಆರಿಸಿಕೊಳ್ಳುವ ಎರಡು ವರ್ಷದ ಹಕ್ಕನ್ನು. ಜೊತೆಗೆ ಕೆನ್ನಿ ಕ್ಲಾರ್ಕ್‌ನನ್ನೂ ಕೊಟ್ಟರು.

ಸುದ್ದಿವಾಹಿನಿಗಳಲ್ಲಿ ಪಾರ್ಸನ್ಸ್ ಮುಖ. ನನ್ನ ಸುತ್ತಮುತ್ತಲಿನ ಹಳೆಯ ಅಭಿಮಾನಿಗಳ ಬಾಯಲ್ಲಿ ಮಾತ್ರ ಕ್ಲಾರ್ಕ್ ಹೆಸರು. ಒಂಬತ್ತು ಸೀಸನ್ ಡಿಫೆನ್ಸ್‌ನ ಮುಂದಿನ ಸಾಲು, ಅಂದರೆ ಲೈನಿನ ಮಧ್ಯದಲ್ಲಿ ನಿಂತು ಇಬ್ಬಿಬ್ಬರ ಭಾರ ತಡೆದುಕೊಂಡವನು ಅವನು. ಅವನು ಹಾಗೆ ನಿಂತಿದ್ದರಿಂದಲೇ ಹಿಂದಿನವರಿಗೆ ಓಡುವವನನ್ನು ಹಿಡಿಯಲು ದಾರಿ ಸಿಗುತ್ತಿತ್ತು. "ಪಾರ್ಸನ್ಸ್ ಬಂದ ಸರಿ, ಮಧ್ಯದಲ್ಲಿ ನುಗ್ಗುವವರನ್ನು ಯಾರು ತಡೀತಾರೆ?" ಅಂತ ಪಕ್ಕದ ಮನೆಯ ಅಜ್ಜ ಕೇಳಿದರು. ನಿವೃತ್ತರಾದ ಸಾಧಾರಣ ಮನುಷ್ಯ. ಆದರೆ ಅದೇ ಸರಿಯಾದ ಪ್ರಶ್ನೆಯಾಗಿತ್ತು. ಆ ಜಾಗಕ್ಕೆ ಕೋಲ್ಬಿ ವುಡನ್ ಬಂದ. ದೇಶದ ಉಳಿದ ಕಡೆ ಅವನ ಹೆಸರು ಕೇಳಿದವರು ಕಡಿಮೆ. ಇಲ್ಲಿ ಸೆಪ್ಟೆಂಬರ್ ಪೂರ್ತಿ ಅವನ ಕಾಲು ಎಲ್ಲಿ ಊರಿದೆ, ಕೈ ಎಲ್ಲಿ ಹೋಗಿದೆ ಅಂತ ನೋಡಿದರು.

ಪಾರ್ಸನ್ಸ್ ಬಂದದ್ದರಿಂದ ತಂತ್ರದಲ್ಲಿ ಏನು ಬದಲಾಯಿತು ಅನ್ನುವುದು ಇನ್ನೂ ಚಂದದ ಚರ್ಚೆ. ಕ್ವಾರ್ಟರ್‌ಬ್ಯಾಕ್ ಮೇಲೆ ಒತ್ತಡ ಹಾಕಲು ಐದಾರು ಜನರನ್ನು ನುಗ್ಗಿಸಬಹುದು. ಆಗ ಹಿಂದೆ ಜಾಗ ಖಾಲಿ ಬೀಳುತ್ತದೆ, ಒಂದು ಉದ್ದ ಪಾಸ್ ಬಿದ್ದರೆ ಕೆಲಸ ಕೆಟ್ಟಿತು. ಮುಂದಿನ ನಾಲ್ಕೇ ಜನ ಒತ್ತಡ ಹಾಕಿದರೆ ಉಳಿದ ಏಳು ಜನ ಹಿಂದೆ ಕಾವಲಿಗೆ ಸಿಗುತ್ತಾರೆ. ಆಗಿನ ಡಿಫೆನ್ಸ್ ಕೋಚ್ ಜೆಫ್ ಹ್ಯಾಫ್ಲಿ 2024ರಲ್ಲಿ ಬಂದಾಗಲೇ ನಾಲ್ಕು ಜನರ ಲೈನಿಗೆ ತಂಡವನ್ನು ತಿರುಗಿಸಿದ್ದರು. ಅದೇ ವರ್ಷ ಬಂದ ಸೇಫ್ಟಿ ಝೇವಿಯರ್ ಮೆಕಿನಿ ಮೊದಲ ಐದು ಪಂದ್ಯಗಳಲ್ಲೂ ಒಂದೊಂದು ಪಾಸ್ ಕಸಿದುಕೊಂಡ. ಹಿಂದೆ ಅಂಥವನಿದ್ದ, ಮುಂದೆ ನಾಲ್ವರಲ್ಲೇ ಕೆಲಸ ಮುಗಿಸುವವನು ಕಡಿಮೆ ಇದ್ದ. ಪಾರ್ಸನ್ಸ್ ಬಂದದ್ದು ಆ ಕೊರತೆ ತುಂಬುವುದಕ್ಕೆ.

ಮೊದಲ ಪಂದ್ಯದಲ್ಲಿ ಡೆಟ್ರಾಯಿಟ್ ತಂಡವನ್ನು 27-13ರಿಂದ ಸೋಲಿಸಿದರು. ಹಿಂದಿನ ಸೀಸನ್‌ನಲ್ಲಿ ಇಡೀ ಲೀಗ್‌ನಲ್ಲೇ ಹೆಚ್ಚು ಪಾಯಿಂಟ್ ಗಳಿಸಿದ್ದ ತಂಡ ಅದು. ನಾಲ್ಕು ದಿನ ಬಿಟ್ಟು ವಾಷಿಂಗ್ಟನ್ ಮೇಲೆ 27-18. ಆಮೇಲೆ ಕ್ಲೀವ್‌ಲ್ಯಾಂಡ್‌ನಲ್ಲಿ 13-10ರಿಂದ ಸೋತರು. ಎದುರಾಳಿಗೆ ಬರೀ 13 ಪಾಯಿಂಟ್ ಬಿಟ್ಟುಕೊಟ್ಟ ಡಿಫೆನ್ಸ್ ಮೇಲೆ ಆ ಸೋಲಿಗೆ ಯಾರೂ ಕೋಪ ಮಾಡಿಕೊಳ್ಳಲಿಲ್ಲ. ಕೋಪ ಬಂದದ್ದು ಮುಂದಿನ ವಾರ ಡಲ್ಲಾಸ್‌ನಲ್ಲಿ 40-40 ಸಮ ಆದಾಗ. ಸೋಲದ ಪಂದ್ಯ ಸೋತ ಪಂದ್ಯಕ್ಕಿಂತ ಜಾಸ್ತಿ ನೋವು ಕೊಟ್ಟಿತು, ಯಾಕೆಂದರೆ ತಡೆಯುವವರು 40 ಬಿಟ್ಟುಕೊಟ್ಟಿದ್ದರು. ಫಲಿತಾಂಶ ಒಂದನ್ನೇ ನೋಡದೆ ಕೆಲಸವನ್ನು ನೋಡಿ ಅಳೆಯುವ ಈ ಅಭ್ಯಾಸ ನನಗೆ ತುಂಬಾ ಇಷ್ಟ.

ಇದಕ್ಕೆ ಒಂದು ಕಾರಣ ಈ ತಂಡದ ಒಡೆತನ ಅಂತ ನನ್ನ ನಂಬಿಕೆ. ಪ್ಯಾಕರ್ಸ್‌ಗೆ ಶ್ರೀಮಂತ ಮಾಲೀಕ ಇಲ್ಲ. 1923ರಿಂದ ಜನರೇ ಷೇರು ಕೊಂಡು ನಡೆಸಿಕೊಂಡು ಬಂದಿದ್ದಾರೆ. ಈಗ ಷೇರುದಾರರು 5 ಲಕ್ಷಕ್ಕೂ ಹೆಚ್ಚು. ಲಾಭಾಂಶ ಬರುವುದಿಲ್ಲ, ಲಾಭಕ್ಕೆ ಮಾರುವ ಹಾಗೂ ಇಲ್ಲ. ಪ್ರತಿ ಬೇಸಿಗೆಯಲ್ಲಿ ಸ್ಟೇಡಿಯಂನಲ್ಲೇ ಷೇರುದಾರರ ಸಭೆ ನಡೆಯುತ್ತದೆ, ತಂಡದ ಹಣಕಾಸಿನ ಲೆಕ್ಕ ಹೊರಗೆ ಬರುತ್ತದೆ. ಹಾಗಾಗಿ ಜನ ತಂಡದ ಬಗ್ಗೆ ಮಾತಾಡುವುದು ಸ್ವಂತ ಮನೆ ಕಟ್ಟಿಸುವವರು ಮೇಸ್ತ್ರಿ ಹತ್ತಿರ ಮಾತಾಡುವ ಹಾಗೆ. ಬಣ್ಣಕ್ಕಿಂತ ಮೊದಲು ಪಾಯ ಕೇಳುತ್ತಾರೆ.

ಈಗ ನಮ್ಮ ಕಡೆ ಬರೋಣ. 2014-15ರ ರಣಜಿ ಫೈನಲ್ ನೆನಪಿದೆಯಾ? ಮುಂಬೈನ ವಾಂಖೆಡೆಯಲ್ಲಿ ಕರ್ನಾಟಕ, ತಮಿಳುನಾಡು. ಕನ್ನಡಿಗರು ಸೇರಿದಲ್ಲಿ ಈ ಪ್ರಶ್ನೆ ಕೇಳಿದರೆ ಥಟ್ಟನೆ ಬರುವ ಉತ್ತರ, ಕರುಣ್ ನಾಯರ್ 328. ಅದು ಅದ್ಭುತ ಆಟ, ಎರಡು ಮಾತಿಲ್ಲ. ಆದರೆ ತಮಿಳುನಾಡು ಮೊದಲ ಇನಿಂಗ್ಸ್‌ನಲ್ಲಿ 134ಕ್ಕೆ ಆಲೌಟ್ ಆಗಿತ್ತು. ವಿನಯ್ ಕುಮಾರ್ ಐದು ವಿಕೆಟ್ ತೆಗೆದಿದ್ದರು. ಪಂದ್ಯ ಕರ್ನಾಟಕದ ಕೈಗೆ ಬಂದದ್ದು ಅಲ್ಲಿ. ವಿನಯ್, ಮಿಥುನ್, ಅರವಿಂದ್ ಮೂವರೂ ಎರಡು ವರ್ಷ ಓಡಿ ಓಡಿ ಬೌಲಿಂಗ್ ಮಾಡಿದ್ದರಿಂದ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತವಾಗಿ ರಣಜಿ ಗೆದ್ದಿತು. ಅವರಲ್ಲಿ ಯಾರು ಹೊಸ ಚೆಂಡು ಹಿಡಿಯುತ್ತಿದ್ದರು, ಯಾರು ಒಂದು ತುದಿ ಕಟ್ಟಿಹಾಕಿ ಇನ್ನೊಂದು ತುದಿಯಲ್ಲಿ ವಿಕೆಟ್ ಬರುವ ಹಾಗೆ ಮಾಡುತ್ತಿದ್ದರು ಅಂತ ನಾವು ಎಷ್ಟು ಮಾತಾಡಿದ್ದೇವೆ?

ಆಟಗಾರರು ತಂಡ ಬಿಡುವ ವಿಷಯದಲ್ಲೂ ಹಾಗೆಯೇ. ಕರುಣ್ 2023ರಲ್ಲಿ ವಿದರ್ಭಕ್ಕೆ ಹೋದರು. 2024-25ರ ರಣಜಿ ಫೈನಲ್‌ನಲ್ಲಿ 86 ಮತ್ತು 135 ಹೊಡೆದು ವಿದರ್ಭ ಕಪ್ ಎತ್ತಿದಾಗ "ಅಯ್ಯೋ, ನಮ್ಮ ಹುಡುಗ" ಅಂದೆವು. ಅವರಿಗೆ ಅಷ್ಟಾದರೂ ಸಿಕ್ಕಿತು. ವಿನಯ್ ಕುಮಾರ್ 2019ರಲ್ಲಿ ಪುದುಚೇರಿಗೆ ಹೋದರು. ದಾವಣಗೆರೆಯಿಂದ ಬಂದು ಫಸ್ಟ್ ಕ್ಲಾಸ್ ಕ್ರಿಕೆಟ್‌ನಲ್ಲಿ 504 ವಿಕೆಟ್ ತೆಗೆದ ಮನುಷ್ಯ! ಕ್ಲಾರ್ಕ್ ಹೋದಾಗ ಇಲ್ಲಿ ಆದ ಮಾತುಕತೆಯ ನೂರರಲ್ಲಿ ಒಂದು ಪಾಲೂ ಆಗ ನನ್ನ ಕಿವಿಗೆ ಬೀಳಲಿಲ್ಲ. ಇದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಇಲ್ಲಿಯದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಇಲ್ಲಿನ ಚರ್ಚೆಯಲ್ಲಿ ಆಟಗಾರ ಬೇಗ ಬರೀ ಸಂಬಳದ ಅಂಕಿ ಆಗಿಬಿಡುತ್ತಾನೆ. ಇಡೀ ತಂಡದ ಸಂಬಳಕ್ಕೆ ಸ್ಯಾಲರಿ ಕ್ಯಾಪ್ ಅಂತ ಒಂದು ಮಿತಿ ಇರುವುದರಿಂದ "ಅವನನ್ನು ಬಿಟ್ಟರೆ ಎಷ್ಟು ಉಳಿಯುತ್ತದೆ" ಅನ್ನುವ ಮಾತು ಸಲೀಸಾಗಿ ಬರುತ್ತದೆ. ಮೊಣಕಾಲು ನೋವಿನಲ್ಲಿ ಇರುವ ಹುಡುಗನ ಬಗ್ಗೆ ಹಾಗೆ ಮಾತಾಡುವುದನ್ನು ಕೇಳಿದರೆ ನನಗೆ ಆಗುವುದಿಲ್ಲ. ನಮ್ಮಲ್ಲಿ ದ್ರಾವಿಡ್, ಕುಂಬ್ಳೆ, ಶ್ರೀನಾಥ್ ಬಗ್ಗೆ ಇರುವ ಪ್ರೀತಿಗೆ ಇಂಥ ಲೆಕ್ಕ ಇಲ್ಲ. ಆ ಪ್ರೀತಿ ಹಾಗೇ ಇರಲಿ.

ಆದರೆ ನೋಡಿ, ಅಷ್ಟು ವರ್ಷ ಕಾದ ಮೇಲೆ ಬೆಂಗಳೂರು ತಂಡ ಐಪಿಎಲ್ ಗೆದ್ದದ್ದು ಹೇಗೆ? 2024ರ ನವೆಂಬರ್ ಹರಾಜಿನಲ್ಲಿ ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ ಕೊಟ್ಟರು. ದೊಡ್ಡ ಬ್ಯಾಟ್ಸ್‌ಮನ್ ಯಾಕೆ ತರಲಿಲ್ಲ ಅಂತ ಆಗ ಎಷ್ಟು ಜನ ಬೈದರು! 2025ರ ಜೂನ್ 3ರಂದು ಫೈನಲ್‌ನಲ್ಲಿ ನಮ್ಮವರು ಮಾಡಿದ್ದು 190. ಪಂಜಾಬ್ ನಿಂತದ್ದು 184ಕ್ಕೆ. ಕೃಣಾಲ್ ಪಾಂಡ್ಯ ನಾಲ್ಕು ಓವರ್‌ಗೆ ಬರೀ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದು ಪಂದ್ಯಶ್ರೇಷ್ಠ ಆದರು. ಆರು ರನ್ ಗೆಲುವು ತಡೆದವರ ಗೆಲುವು.

ಲ್ಯಾಂಬೋ ಫೀಲ್ಡ್‌ನಲ್ಲಿ ಟಚ್‌ಡೌನ್ ಹೊಡೆದವರು, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದವರು, ಗೋಡೆ ಹತ್ತಿ ಪ್ರೇಕ್ಷಕರ ತೋಳಿಗೆ ಬೀಳುವ ಸಂಪ್ರದಾಯ ಇದೆ. 1993ರ ಡಿಸೆಂಬರ್‌ನಲ್ಲಿ ಅದನ್ನು ಶುರು ಮಾಡಿದ್ದು ಲೀರಾಯ್ ಬಟ್ಲರ್, ಒಬ್ಬ ಸೇಫ್ಟಿ. ಆವತ್ತು ಚೆಂಡನ್ನು ಅವನ ಕೈಗೆ ದಾಟಿಸಿದ್ದು ಡಿಫೆನ್ಸ್ ಲೈನಿನ ದೈತ್ಯ ರೆಗ್ಗಿ ವೈಟ್. ಪಾರ್ಸನ್ಸ್ ಬಂದಾಗ ಊರಿನ ಹಿರಿಯರು ಮೊದಲು ಎತ್ತಿದ್ದು ರೆಗ್ಗಿ ವೈಟ್ ಹೆಸರು. ಮೂವತ್ತು ವರ್ಷದ ಹಿಂದೆ ತಡೆದವನ ನೆನಪು ಮೊಮ್ಮಕ್ಕಳಿಗೂ ಬಂದಿದೆ.

ಅಕ್ಟೋಬರ್‌ನಲ್ಲಿ ರಣಜಿ ಶುರುವಾಗುವ ಹೊತ್ತಿಗೆ ಇಲ್ಲಿ ಪ್ಯಾಕರ್ಸ್ ಸೀಸನ್ ಮೂರರಲ್ಲಿ ಒಂದು ಪಾಲು ಮುಗಿದಿರುತ್ತದೆ. ಆಗ ಊರಿಗೆ ಫೋನ್ ಮಾಡಿದಾಗ ಸ್ನೇಹಿತರ ಹತ್ತಿರ ನನಗೆ ಕೇಳುವುದಿರುತ್ತದೆ. ಹೊಸ ಚೆಂಡು ವಿದ್ವತ್ ಕಾವೇರಪ್ಪನಿಗಾ? ಇನ್ನೊಂದು ತುದಿಯಲ್ಲಿ ಯಾರು? ಪ್ರಸಿದ್ಧ್ ಕೃಷ್ಣ ಇಂಡಿಯಾ ತಂಡದ ಜೊತೆ ಹೋದರೆ ಆ ಜಾಗಕ್ಕೆ ಯಾವ ಹುಡುಗನನ್ನು ತಯಾರು ಮಾಡಿದ್ದಾರೆ? ಚಪ್ಪಟೆ ಪಿಚ್‌ನಲ್ಲಿ ಮೂರನೇ ದಿನ ಮಧ್ಯಾಹ್ನ ಜೊತೆಯಾಟ ಮುರಿಯುವವರು ಯಾರು? ಬ್ಯಾಟಿಂಗ್ ಮಾತು ಆಮೇಲೆ ಆಡೋಣ.