ಗುಡ್ಡೆ ತೋಟಕ್ಕೆ ಎಟಿವಿ: ಹತ್ತಿಸಿ ಅಲ್ಲ, ಇಳಿಸಿ ನೋಡಿ

ನನ್ನ ಪರಿಚಯದ ಅಡಿಕೆ ಬೆಳೆಗಾರರಲ್ಲಿ ಇತ್ತೀಚೆಗೆ ಎಟಿವಿ ಮಾತು ಜಾಸ್ತಿಯಾಗಿದೆ. ಎಟಿವಿ ಅಂದರೆ ಬೈಕಿನ ಹಾಗೆ ಕೂತು ಹ್ಯಾಂಡಲ್ ಹಿಡಿದು, ದಾರಿ ಇಲ್ಲದ ಕಡೆಯೂ ಓಡಿಸುವ ನಾಲ್ಕು ಚಕ್ರದ ಗಾಡಿ. ಬದಿಯಡ್ಕ ಪೇಟೆಯಲ್ಲಿ ಚಾ ಕುಡಿಯುವಾಗ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲ ಕಡೆ ಒಂದೇ ಪ್ರಶ್ನೆ: "ಎಷ್ಟು ಸಿಸಿದು ತೆಗೊಂಡರೆ ಒಳ್ಳೇದು?" ಈ ಪ್ರಶ್ನೆಯಿಂದ ಶುರು ಮಾಡಿದರೆ ನಮ್ಮ ಜಾಗಕ್ಕೆ ಹೊಂದದ ಗಾಡಿ ಮನೆಗೆ ಬರುತ್ತದೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ತೆಗೆದುಕೊಳ್ಳುವ ಯೋಚನೆ ಇರುವವರು ಪೂರ್ತಿ ಓದಿ.

ನಮ್ಮ ಕಾಸರಗೋಡಿನ ತೋಟ ಹೇಗಿರುತ್ತದೆ ಅಂತ ಗೊತ್ತಲ್ವಾ? ಮನೆ, ಅಂಗಳ ಮೇಲೆ. ತೋಟ ಕೆಳಗೆ, ತೋಡಿನ ಬದಿಯಲ್ಲಿ. ನಡುವೆ ಮುರಕಲ್ಲಿನ ಗುಡ್ಡೆ. ಗೊನೆ ಮೇಲೆ ಬರಬೇಕು, ಗೊಬ್ಬರ ಕೆಳಗೆ ಹೋಗಬೇಕು, ಮಳೆ ಶುರುವಾಗುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡುವ ಡ್ರಮ್ಮು, ಮೈಲುತುತ್ತು, ಸುಣ್ಣ, ಪಂಪು ಎಲ್ಲ ಇಳಿಯಬೇಕು, ಮತ್ತೆ 40-45 ದಿನ ಕಳೆದು ಜೋರು ಮಳೆಯ ನಡುವೆ ಇನ್ನೊಂದು ಸಲ ಅದೇ ಕೆಲಸ. ಇದೆಲ್ಲ ಇಷ್ಟು ವರ್ಷ ತಲೆಹೊರೆಯಲ್ಲೇ ನಡೆದದ್ದು. ಹೊತ್ತವರಲ್ಲಿ ಹೆಂಗಸರೇ ಜಾಸ್ತಿ. ಒದ್ದೆ ಹಟ್ಟಿಗೊಬ್ಬರದ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು, ನೀರು ಕುತ್ತಿಗೆಗೆ ಇಳಿಯುತ್ತಿರುವಾಗಲೇ ಜಾರುವ ಮೆಟ್ಟಿಲು ಇಳಿದವರು. ಅವರ ಮಂಡಿ, ಸೊಂಟ ಇವತ್ತು ಯಾವ ಸ್ಥಿತಿಯಲ್ಲಿದೆ ಅಂತ ಯಾರಾದರೂ ಒಬ್ಬರ ಹತ್ತಿರ ಕೇಳಿ ನೋಡಿ. ಆ ಹೊರೆಯನ್ನು ಯಂತ್ರ ಹೊರಲೇಬೇಕು. ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ. ಯಾವ ಯಂತ್ರ ಅನ್ನುವುದು ಮಾತ್ರ ಪ್ರಶ್ನೆ.

ಎಟಿವಿ ಅಂದರೆ ಎಲ್ಲ ಒಂದೇ ಅಲ್ಲ. ರೆಸಾರ್ಟಿನಲ್ಲಿ, ಬೀಚಿನಲ್ಲಿ ಓಡಿಸುವ ಸಣ್ಣ, ಹಗುರ, ಹಿಂದಿನ ಚಕ್ರ ಮಾತ್ರ ತಿರುಗುವ ಗಾಡಿ ಬೇರೆ, ಅದು ಆಟಕ್ಕೆ. ನಮಗೆ ಬೇಕಾದ್ದು ಯುಟಿಲಿಟಿ ಎಟಿವಿ: ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗಬೇಕು, ಮುಂದೆ ಹಿಂದೆ ರ್‍ಯಾಕ್ ಇರಬೇಕು, ಟ್ರೈಲರ್ ಎಳೆಯುವ ಕೊಂಡಿ ಇರಬೇಕು, ಮುಖ್ಯವಾಗಿ ನಿಧಾನವಾಗಿ, ಆದರೆ ಜೋರಾಗಿ ಎಳೆಯುವ ಲೋ ಗೇರ್ ಇರಬೇಕು. ಸ್ಟೀರಿಂಗ್ ಚಕ್ರ, ಎರಡು ಸೀಟು, ಹಿಂದೆ ಡಬ್ಬಿ ಇರುವ ಸೈಡ್ ಬೈ ಸೈಡ್ ಗಾಡಿಯೂ ಇದೆ. ಅದು ಸುರಕ್ಷಿತ, ಹೊರೆಯೂ ಜಾಸ್ತಿ ಹೊರುತ್ತದೆ. ಆದರೆ ಅಗಲ. ನಮ್ಮ ಓಣಿಗಳಲ್ಲಿ ತಿರುಗಿಸುವುದು ಕಷ್ಟ.

ಅಗಲದ ಲೆಕ್ಕ ಸ್ವಲ್ಪ ನೋಡೋಣ. ಪೊಲಾರಿಸ್ ಕಂಪನಿಯ ಸ್ಪೋರ್ಟ್ಸ್‌ಮನ್ 570 ತರದ ಗಾಡಿ 48 ಇಂಚು ಅಗಲ, ಅಂದರೆ ನಾಲ್ಕು ಅಡಿ. ಅಡಿಕೆ ಗಿಡಕ್ಕೆ ಶಿಫಾರಸು ಮಾಡುವ ಅಂತರ 2.7 ಮೀಟರ್, ನಮ್ಮ ಲೆಕ್ಕದ ಒಂಬತ್ತು ಅಡಿ. ಕಾಗದದಲ್ಲಿ ಆರಾಮಾಗಿ ಹಿಡಿಸುತ್ತದೆ. ಆದರೆ ಹಳೆ ತೋಟದಲ್ಲಿ ಒಂಬತ್ತು ಅಡಿ ಎಲ್ಲಿದೆ? ಸತ್ತ ಮರದ ಪಕ್ಕ ಮರುಗಿಡ ಇಟ್ಟು, ಸಾಲೇ ಇಲ್ಲ. ನಡುವೆ ಕಣಿ, ಅಂದರೆ ನೀರು ಹರಿಯುವ ಚರಂಡಿ. ಕಣಿಯ ಬದಿಯಲ್ಲಿ ಕೊಕ್ಕೋ, ಬಾಳೆ, ಮರಕ್ಕೆ ಕರಿಮೆಣಸು. ಗಾಡಿ ನೋಡಲು ಹೋಗುವ ಮೊದಲು ನಾಲ್ಕೂವರೆ ಅಡಿಯ ಒಂದು ಕೋಲು ಕಡಿದು ಅಡ್ಡ ಹಿಡಿದುಕೊಂಡು ತೋಟದಲ್ಲಿ ಒಂದು ಸುತ್ತು ನಡೆಯಿರಿ. ಎಲ್ಲಿ ತಾಗುತ್ತದೆ, ಎಲ್ಲಿ ತಿರುಗಿಸಲು ಆಗುವುದಿಲ್ಲ ಅಂತ ಗೊತ್ತಾಗುತ್ತದೆ. ಹಾಗೆ ನಡೆಯುವಾಗ ಕಣಿ ದಾಟುವ ಸಂಕಗಳನ್ನೂ ನೋಡಿ. ಗಾಡಿಯೇ 320 ಕಿಲೋ ಹತ್ತಿರ, ಓಡಿಸುವವರು, ಮೇಲೆ ಹೊರೆ ಸೇರಿದರೆ 500 ಕಿಲೋ ಮುಟ್ಟುತ್ತದೆ. ಎರಡು ಅಡಿಕೆ ಮರ ಸೀಳಿ ಹಾಕಿದ ಸಂಕ ಇದನ್ನು ತಡೆಯುವುದಿಲ್ಲ. ಕಣಿ ದಾಟುವ ಕಡೆಯೆಲ್ಲ ಸ್ಲ್ಯಾಬ್ ಹಾಕಿಸಬೇಕು, ಆ ಖರ್ಚನ್ನೂ ಗಾಡಿಯ ರೇಟಿಗೆ ಸೇರಿಸಿಯೇ ಲೆಕ್ಕ ಹಾಕಿ.

ಈಗ ಪವರ್ ವಿಷಯ. ನಮ್ಮಲ್ಲಿ ಅನೇಕರು ಇಟ್ಟುಕೊಂಡಿರುವ ಪವರ್ ಟಿಲ್ಲರ್ 13 ಎಚ್‌ಪಿ. ಅದೇ ಟ್ರೈಲರ್ ಕಟ್ಟಿಕೊಂಡು ಗೊಬ್ಬರ ಎಳೆಯುತ್ತದೆ. ಅಮೆರಿಕದ ಲೆಕ್ಕದಲ್ಲಿ ಸ್ಪೋರ್ಟ್ಸ್‌ಮನ್ 570ರ ಎಂಜಿನ್ 567 ಸಿಸಿ, 44 ಎಚ್‌ಪಿ. ಅದೇ ಕಂಪನಿಯ 1000 ಸಿಸಿ ಗಾಡಿಯಲ್ಲಿ 90 ಎಚ್‌ಪಿ ಹತ್ತಿರ ಇದೆ. ಹಾಗಾದರೆ ದೊಡ್ಡದೇ ಒಳ್ಳೆಯದಲ್ವಾ ಅಂತ ಹುಡುಗರು ಕೇಳುತ್ತಾರೆ. ಅಲ್ಲ. ನಮ್ಮ ತೋಟದಲ್ಲಿ ಗಾಡಿ ಓಡುವುದು ಆಳು ನಡೆಯುವ ವೇಗದಲ್ಲಿ. ಗಂಟೆಗೆ ಐದಾರು ಕಿಲೋಮೀಟರ್. ಆ ವೇಗದಲ್ಲಿ 90 ಎಚ್‌ಪಿಗೆ ಕೆಲಸವೇ ಇಲ್ಲ. ಬದಲಿಗೆ ಭಾರ ಜಾಸ್ತಿ, ಪೆಟ್ರೋಲ್ ಜಾಸ್ತಿ, ಥ್ರೋಟಲ್ ಸ್ವಲ್ಪ ಒತ್ತಿದರೆ ಒದ್ದೆ ಸೋಗೆಯ ಮೇಲೆ ಗಾಡಿ ಮುಂದಕ್ಕೆ ಹಾರುತ್ತದೆ. ಎಳೆಯುವ ಶಕ್ತಿ ಬರುವುದು ಲೋ ರೇಂಜಿನಿಂದ, ಅಂದರೆ ಆಗ ಹೇಳಿದ ಲೋ ಗೇರಿನಿಂದ. 450ರಿಂದ 570 ಸಿಸಿ ಒಳಗಿನ, ಒಳ್ಳೆಯ ಲೋ ರೇಂಜ್ ಇರುವ ಗಾಡಿ ನಮ್ಮ ಕೆಲಸಕ್ಕೆ ಧಾರಾಳ ಸಾಕು. 700 ಸಿಸಿ ದಾಟಬೇಕಾದ ತೋಟ ನಮ್ಮ ಜಿಲ್ಲೆಯಲ್ಲಿ ನಾನಂತೂ ನೋಡಿಲ್ಲ.

ನನಗೆ ಮುಖ್ಯವಾಗಿ ಹೇಳಬೇಕಾದ್ದು ಇಳಿಜಾರಿನ ಬಗ್ಗೆ. ಗಾಡಿ ತೋರಿಸುವವರು ಯಾವಾಗಲೂ ಹತ್ತಿಸಿ ತೋರಿಸುತ್ತಾರೆ. ದಿಬ್ಬ ಹತ್ತಿದ ಕೂಡಲೇ ನಾವೂ ಖುಷಿಪಡುತ್ತೇವೆ. ಆದರೆ ನಾಲ್ಕು ಚಕ್ರದ ಯಾವ ಒಳ್ಳೆಯ ಗಾಡಿಯೂ ಹತ್ತುತ್ತದೆ. ಆಗಸ್ಟ್ ತಿಂಗಳಲ್ಲಿ, ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ, ಹಿಂದೆ ಗೊಬ್ಬರದ ಟ್ರೈಲರ್ ತಳ್ಳುತ್ತಿರುವಾಗ ಅದು ಹೇಗೆ ಇಳಿಯುತ್ತದೆ? ಅದನ್ನು ನೋಡಬೇಕು.

ಇಲ್ಲಿ ಒಳಗಿನ ತಂತ್ರ ಸ್ವಲ್ಪ ಗೊತ್ತಿರಲಿ. ಹೆಚ್ಚಿನ ಎಟಿವಿಗಳಲ್ಲಿ ಇರುವುದು ಸಿವಿಟಿ, ಅಂದರೆ ನಮ್ಮ ಸ್ಕೂಟರಿನಲ್ಲಿ ಇರುವ ಹಾಗೆ ಬೆಲ್ಟ್. ಎಂಜಿನ್ ವೇಗ ತುಂಬ ಕಮ್ಮಿಯಾದಾಗ ಕೆಲವು ಗಾಡಿಗಳಲ್ಲಿ ಕ್ಲಚ್ ಬೆಲ್ಟನ್ನು ಬಿಟ್ಟುಬಿಡುತ್ತದೆ. ಆಗ ಎಂಜಿನ್ ಹಿಡಿತ ಹೋಗಿ ಗಾಡಿ ತಾನಾಗಿ ಉರುಳಲು ಶುರು. ಹೀಗಾಗದ ಹಾಗೆ ಎಂಜಿನ್ ಬ್ರೇಕಿಂಗ್ ವ್ಯವಸ್ಥೆ ಇರುವ ಸಿವಿಟಿಯೂ ಇದೆ, ಅದನ್ನೇ ಕೇಳಿ ತೆಗೆದುಕೊಳ್ಳಬೇಕು. ಅದರಲ್ಲೂ ಹಿಡಿತ ಹಿಂದಿನ ಚಕ್ರಕ್ಕೆ ಮಾತ್ರವಾ, ನಾಲ್ಕಕ್ಕೂ ಇದೆಯಾ ಅಂತ ಕೇಳಿ. ಇಳಿಯುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬಂದು ಹಿಂದಿನದು ಹಗುರವಾಗಿರುತ್ತದೆ. ಹಗುರವಾದ ಚಕ್ರಕ್ಕೆ ಮಾತ್ರ ಹಿಡಿತ ಇದ್ದರೆ ಅದು ಜಾರುತ್ತದೆ, ಹಿಂಭಾಗ ಪಕ್ಕಕ್ಕೆ ತಿರುಗುತ್ತದೆ. ಯಮಹಾದ ಅಲ್ಟ್ರಾಮ್ಯಾಟಿಕ್‌ನಲ್ಲಿ ನಾಲ್ಕೂ ಚಕ್ರಕ್ಕೆ ಎಂಜಿನ್ ಬ್ರೇಕಿಂಗ್ ಸಿಗುತ್ತದೆ. ಪೊಲಾರಿಸ್‌ನ ಮೇಲಿನ ಮಾಡೆಲ್‌ಗಳಲ್ಲಿ ಇಳಿಜಾರಿಗೆ ಅಂತಲೇ ಬೇರೆ ವ್ಯವಸ್ಥೆ ಇದೆ. ಹೋಂಡಾದ ಫೋರ್‌ಮನ್, ರುಬಿಕಾನ್ ತರದವುಗಳಲ್ಲಿ ಬೆಲ್ಟೇ ಇಲ್ಲ, ಗೇರ್. ನನ್ನನ್ನು ಕೇಳಿದರೆ ನಮ್ಮ ಜಾಗಕ್ಕೆ ಗೇರಿನ ಗಾಡಿಯೇ ಎಲ್ಲಕ್ಕಿಂತ ಒಳ್ಳೆಯದು. ಆದರೆ ಎಲ್ಲ ಮಾಡೆಲ್ ನಮ್ಮ ದೇಶದಲ್ಲಿ ಸಿಗುವುದಿಲ್ಲ, ಸುಮ್ನೆ ಇಂಟರ್ನೆಟ್ಟಿನಲ್ಲಿ ನೋಡಿ ಆಸೆಪಟ್ಟು ಪ್ರಯೋಜನವಿಲ್ಲ.

ಬೆಲ್ಟಿನ ಗಾಡಿ ತೆಗೆದುಕೊಂಡರೆ ಒಂದು ಶಿಸ್ತು ಬೇಕು. ಹೊರೆ ಇದ್ದಾಗ, ದಿಬ್ಬದಲ್ಲಿ, ನಿಧಾನ ಹೋಗುವಾಗ ಲೋ ರೇಂಜಿನಲ್ಲೇ ಓಡಿಸಬೇಕು. ಹೈ ರೇಂಜಿನಲ್ಲಿ ಎಳೆಸಿದರೆ ಬೆಲ್ಟ್ ಜಾರಿ ಸುಡುತ್ತದೆ, ಸುಟ್ಟ ರಬ್ಬರ್ ವಾಸನೆ ಬರುತ್ತದೆ. ತೋಡು ದಾಟುವಾಗ ಬೆಲ್ಟಿನ ಡಬ್ಬಿಗೆ ನೀರು ಹೋದರೂ ಜಾರುತ್ತದೆ. ಒಂದು ಬೆಲ್ಟ್ ಮನೆಯಲ್ಲಿ ತಂದಿಟ್ಟಿರಬೇಕು.

ಹೊರೆಯ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ನೂರು ಲೀಟರ್ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ಮದ್ದು) ಅಂದರೆ ನೀರೇ ನೂರು ಕಿಲೋ. ಡ್ರಮ್ಮು, ಪಂಪು ಬೇರೆ. ಸ್ಪೋರ್ಟ್ಸ್‌ಮನ್ 570ರ ಹಿಂದಿನ ರ್‍ಯಾಕಿನ ಮಿತಿ 82 ಕಿಲೋ, ಮುಂದಿನದ್ದು 41. ಅಂದರೆ ಒಂದು ತುಂಬಿದ ಡ್ರಮ್ಮನ್ನು ಹಿಂದೆ ಕಟ್ಟಿದರೆ ಆಗಲೇ ಮಿತಿ ದಾಟಿತು. ಅರ್ಧ ಖಾಲಿಯಾದ ಮೇಲೆ ಇನ್ನೂ ಕೆಟ್ಟದು. ಒಳಗಿನ ನೀರು ಅಡ್ಡ ಇಳಿಜಾರಿನಲ್ಲಿ ಒಂದೇ ಬದಿಗೆ ನುಗ್ಗಿ ಗಾಡಿಯನ್ನೇ ಎಳೆಯುತ್ತದೆ. ರ್‍ಯಾಕಿನಲ್ಲಿ ಇಡುವುದಾದರೆ ಒಳಗೆ ತಡೆಗೋಡೆ ಇರುವ ಚಪ್ಪಟೆ ಟ್ಯಾಂಕ್, ಅದೂ 60 ಲೀಟರಿನ ಒಳಗೆ. ಇಲ್ಲವಾದರೆ ಮೈಲುತುತ್ತು, ಸುಣ್ಣ ಮಾತ್ರ ಗಾಡಿಯಲ್ಲಿ ಇಳಿಸಿ. ನೀರು ಪೈಪಿನಲ್ಲಿ ಇಳಿಯಲಿ. ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರೋ ಕೆರೆಯ ನೀರೋ ಕೆಳಗೆ ಇದ್ದೇ ಇರುತ್ತದಲ್ವಾ?

ಟ್ರೈಲರಿಗೆ 550-600 ಕಿಲೋ ಎಳೆಯುತ್ತದೆ ಅಂತ ಬರೆದಿರುತ್ತಾರೆ. ಅದು ಸಮತಟ್ಟು ಜಾಗದ ಮಾತು. ಬ್ರೇಕ್ ಇಲ್ಲದ ಟ್ರೈಲರಿನಲ್ಲಿ, ನಮ್ಮ ಇಳಿಜಾರಿನಲ್ಲಿ, ಅದರ ಅರ್ಧಕ್ಕಿಂತ ಜಾಸ್ತಿ ಹಾಕುವುದು ಬೇಡ. ಎರಡು ಟ್ರಿಪ್ ಜಾಸ್ತಿಯಾದರೆ ಆಗಲಿ.

ಮಗುಚುವ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಗಾಡಿಗೆ ಮಾಡು ಇಲ್ಲ, ಸೀಟ್ ಬೆಲ್ಟ್ ಇಲ್ಲ. ಮಗುಚಿದರೆ ಮುನ್ನೂರು ಕಿಲೋ ಮೈಮೇಲೆ. ಆಸ್ಟ್ರೇಲಿಯಾದಲ್ಲಿ ರೈತರ ಸಾವು ನೋಡಿ ನೋಡಿ ಸರಕಾರ 2019ರಲ್ಲಿ ನಿಯಮ ತಂದಿತು. 2021ರ ಅಕ್ಟೋಬರ್ 11ರಿಂದ ಅಲ್ಲಿ ಮಾರುವ ಪ್ರತಿ ಹೊಸ ಕೃಷಿ ಎಟಿವಿಗೂ ಸೀಟಿನ ಹಿಂದೆ ರಕ್ಷಣೆಯ ಕಮಾನು ಇರಲೇಬೇಕು, ಮತ್ತು ಅಡ್ಡ ಇಳಿಜಾರಿನಲ್ಲಿ 28.8 ಡಿಗ್ರಿವರೆಗೆ ಮಗುಚಬಾರದು. ಹೋಂಡಾ, ಯಮಹಾದಂತಹ ಕಂಪನಿಗಳು ಇದನ್ನು ಒಪ್ಪದೆ ಅಲ್ಲಿ ಎಟಿವಿ ಮಾರುವುದನ್ನೇ ನಿಲ್ಲಿಸಿದವು. ನಾನು ಸರಕಾರದ ಪಕ್ಷ. ನಮ್ಮಲ್ಲೂ ಗಾಡಿ ತೆಗೆದುಕೊಳ್ಳುವವರು ಆ ತರದ ಕಮಾನು ಹಾಕಿಸಿಕೊಳ್ಳುವುದು ಒಳ್ಳೆಯದು. ಗುಡ್ಡೆಯನ್ನು ಮೆಟ್ಟಿಲಿನ ಹಾಗೆ ಕಡಿದು ಮಾಡಿದ ನಮ್ಮ ತಟ್ಟು ತೋಟಗಳಲ್ಲಿ ಇನ್ನೊಂದು ಅಪಾಯ ಇದೆ: ಮಳೆಗೆ ನೆನೆದ ತಟ್ಟಿನ ಅಂಚು ಗಟ್ಟಿ ಇದ್ದ ಹಾಗೆ ಕಾಣುತ್ತದೆ, ಚಕ್ರ ಹೋದ ಕೂಡಲೇ ಕುಸಿಯುತ್ತದೆ. ಅಂಚಿನಿಂದ ಒಂದು ಮೀಟರ್ ಒಳಗೇ ಓಡಿಸಬೇಕು. ಕಟ್ಟೆ ಇಲ್ಲದ ಬಾವಿ, ಕೆರೆ ಇದ್ದರೆ ಮೊದಲು ಬೇಲಿ ಹಾಕಿ.

ಹಿಂದೆ ಯಾರನ್ನೂ ಕೂರಿಸಬೇಡಿ. ಸೀಟು ಉದ್ದ ಇರುವುದು ಓಡಿಸುವವರು ದಿಬ್ಬ ಹತ್ತುವಾಗ ಮುಂದೆ, ದಿಬ್ಬ ಇಳಿಯುವಾಗ ಹಿಂದೆ ಸರಿಯಲಿ ಅಂತ. ಮಕ್ಕಳ ಕೈಗೆ ಕೊಡಲೇಬೇಡಿ. 90 ಸಿಸಿ ದಾಟಿದ ಗಾಡಿ 16 ವರ್ಷದ ಕೆಳಗಿನವರಿಗೆ ಅಲ್ಲ ಅಂತ ತಯಾರಿಸುವ ಕಂಪನಿಗಳೇ ಹೇಳುತ್ತವೆ. ಹೆಲ್ಮೆಟ್ ಸ್ವಂತ ತೋಟದಲ್ಲೂ ಬೇಕು.

ರಸ್ತೆಯ ವಿಷಯವೂ ಇದೆ. ನಮ್ಮಲ್ಲಿ ಎಷ್ಟು ಜನರ ತೋಟ ಒಂದೇ ತುಂಡು? ನಡುವೆ ಪಂಚಾಯತು ರಸ್ತೆ ಹೋಗಿರುತ್ತದೆ. ಸಾರ್ವಜನಿಕ ರಸ್ತೆಗೆ ಇಳಿಸಬೇಕಾದರೆ ನೋಂದಣಿ, ವಿಮೆ ಬೇಕು, ದಾಟುವುದು ನಾಲ್ಕು ಮೀಟರ್ ಆದರೂ. ಹೆಚ್ಚಿನ ಎಟಿವಿಗಳನ್ನು ನಮ್ಮ ದೇಶದಲ್ಲಿ ಮಾರುವುದೇ ಖಾಸಗಿ ಜಾಗಕ್ಕೆ ಮಾತ್ರ ಅಂತ. 2019ರಲ್ಲಿ ಪೊಲಾರಿಸ್ 570ನ್ನು ಟ್ರ್ಯಾಕ್ಟರ್ ವರ್ಗದಲ್ಲಿ ತಂದರು. ಅದನ್ನು ರಸ್ತೆಯಲ್ಲಿ ಓಡಿಸಬಹುದಿತ್ತು, ರೇಟು 7.99 ಲಕ್ಷ. ಅಂಥದ್ದು ಸಿಕ್ಕಿದರೆ ಅದನ್ನೇ ನೋಡಿ. ಹಳೆಯದಾದರೆ ನೋಂದಣಿ ಪುಸ್ತಕದಲ್ಲಿ ಏನು ಬರೆದಿದೆ ಅಂತ ಓದಿ, ಮಾರುವವರ ಬಾಯಿಮಾತು ನಂಬಬೇಡಿ. ನನಗೆ ಒಬ್ಬ ಮಾರಾಟಗಾರರು "ಹಳ್ಳಿಯಲ್ಲಿ ಯಾರು ಕೇಳುತ್ತಾರೆ ಸಾರ್" ಅಂದರು. ಅಪಘಾತವಾಗಿ ಯಾರಿಗಾದರೂ ತಾಗಿದ ದಿನ ಎಲ್ಲರೂ ಕೇಳುತ್ತಾರೆ. ಆ ಮಾರಾಟಗಾರರ ಹತ್ತಿರ ಮುಂದೆ ಮಾತೇ ಬೆಳೆಸಲಿಲ್ಲ.

ಸರ್ವಿಸ್ ಬಗ್ಗೆಯೂ ಹೀಗೇ ಬಿಗಿಯಾಗಿ ಕೇಳಿ. ಬೆಲ್ಟ್, ಏರ್ ಫಿಲ್ಟರ್, ಆಕ್ಸಲ್ಲಿನ ರಬ್ಬರ್ ಬೂಟು, ಬ್ರೇಕ್ ಪ್ಯಾಡ್: ಇಷ್ಟು ಎಲ್ಲಿ ಸಿಗುತ್ತದೆ, ಎಷ್ಟು ದಿನದಲ್ಲಿ, ರೇಟೆಷ್ಟು ಅಂತ ಬರೆಸಿಕೊಳ್ಳಿ. ಬೇಸಿಗೆಯಲ್ಲಿ ನಮ್ಮ ಕೆಂಪು ಧೂಳು ಫಿಲ್ಟರನ್ನು ಬೇಗ ಕಟ್ಟುತ್ತದೆ. ಕಡಿದ ಕೋಲು, ಬೇಲಿಯ ತುಂಡು ಬೂಟನ್ನು ಹರಿಯುತ್ತದೆ, ಹರಿದಲ್ಲಿ ಕೆಸರು ಹೋದರೆ ಜಾಯಿಂಟೇ ಹೋಯಿತು. ಟಯರಿನಲ್ಲಿ ಗಾಳಿ ಐದರಿಂದ ಏಳು ಪಿಎಸ್‌ಐ ಮಾತ್ರ. ಪೇಟೆಯ ಪಂಕ್ಚರ್ ಅಂಗಡಿಯ ಮೀಟರಿನಲ್ಲಿ ಅಷ್ಟು ಕೆಳಗಿನ ಒತ್ತಡ ಸರಿಯಾಗಿ ಕಾಣುವುದೇ ಇಲ್ಲ, ಅವರು ಬೈಕಿನ ಹಾಗೆ ತುಂಬಿಸಿಬಿಡುತ್ತಾರೆ. ಕಮ್ಮಿ ಒತ್ತಡದ ಮೀಟರ್ ಬೇರೆ ತೆಗೆದುಕೊಳ್ಳಿ. ಆ ಮೆತ್ತಗಿನ ಅಗಲ ಟಯರೇ ಈ ಗಾಡಿಯ ದೊಡ್ಡ ಗುಣ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಟ್ರ್ಯಾಕ್ಟರ್ ಇಳಿದರೆ ಮಣ್ಣು ಗಟ್ಟಿಯಾಗುತ್ತದೆ, ಇದರಿಂದ ಅಷ್ಟು ಆಗುವುದಿಲ್ಲ.

ಪವರ್ ಸ್ಟೀರಿಂಗ್ ಇರುವುದನ್ನೇ ತೆಗೆದುಕೊಳ್ಳಿ, ಕಲ್ಲಿಗೆ ಚಕ್ರ ತಾಗಿದಾಗ ಹ್ಯಾಂಡಲ್ ಕೈಗೆ ಹೊಡೆಯುವುದು ಕಮ್ಮಿ. ವಿಂಚ್, ಅಂದರೆ ಹಗ್ಗ ಸುತ್ತಿ ಗಾಡಿಯನ್ನು ಎಳೆದು ಮೇಲೆ ತರುವ ಮೋಟರು, ಇರಲಿ. ಕಣಿಗೆ ಚಕ್ರ ಇಳಿದಾಗ ಆಳುಗಳನ್ನು ಹುಡುಕಿಕೊಂಡು ಹೋಗುವುದು ತಪ್ಪುತ್ತದೆ. ಕಟ್ಟುವಾಗ ಮಾತ್ರ ಅಡಿಕೆ ಮರಕ್ಕೆ ಕಟ್ಟಬೇಡಿ, ಗಟ್ಟಿ ಕಾಡುಮರಕ್ಕೆ ಅಗಲ ಪಟ್ಟಿ ಸುತ್ತಿ.

ಇನ್ನು, ಎರಡು ಮೂರು ಎಕ್ರೆ ಇರುವವರು ಒಬ್ಬೊಬ್ಬರೇ ಇಷ್ಟು ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಜಾಗ ಸ್ವಲ್ಪ ಸಮತಟ್ಟು ಇದ್ದರೆ ಟಿಲ್ಲರೇ ಸಾಕು, ಕೃಷಿ ಭವನದಲ್ಲಿ ಸಬ್ಸಿಡಿ ವಿಚಾರಿಸಬಹುದು. ಗುಡ್ಡೆಯೇ ಆದರೆ ಅಕ್ಕಪಕ್ಕದ ನಾಲ್ಕು ಮನೆ ಸೇರಿ ಒಂದು ಗಾಡಿ ತೆಗೆದುಕೊಳ್ಳಿ. ಮದ್ದು ಬಿಡುವ ವಾರದಲ್ಲಿ ಎಲ್ಲರಿಗೂ ಒಟ್ಟಿಗೇ ಬೇಕಾಗುತ್ತದೆ, ಅದಕ್ಕೆ ದಿನ ಮೊದಲೇ ಬರೆದಿಟ್ಟುಕೊಳ್ಳಬೇಕು. ಓಡಿಸುವವರು ಇಬ್ಬರೇ ಇರಲಿ, ಅವರಿಗೆ ಸಂಬಳ ಕೊಡಿ.

ನಾವು ಮೂರು ಮನೆಯವರು ಈಗ ಹೀಗೆ ಮಾತಾಡುತ್ತಿದ್ದೇವೆ. 570ರ ಒಳಗೆ, ಪವರ್ ಸ್ಟೀರಿಂಗ್, ಇಳಿಯುವಾಗ ಎಂಜಿನ್ ಹಿಡಿತ, ಬ್ರೇಕ್ ಇರುವ ಸಣ್ಣ ಟ್ರೈಲರ್, ಸೀಟಿನ ಹಿಂದೆ ಕಮಾನು. ಮಾರುವವರಿಗೆ ಒಂದೇ ಷರತ್ತು ಹಾಕಿದ್ದೇವೆ: ಮಳೆಗಾಲದಲ್ಲಿ ಗಾಡಿ ನಮ್ಮ ತೋಟಕ್ಕೆ ತಂದು, ಮೂಟೆ ಹೇರಿ, ಇಳಿಸಿ ತೋರಿಸಬೇಕು. ಮುಂಗಡ ಅದರ ನಂತರ. ಪೈವಳಿಕೆ, ಎಣ್ಮಕಜೆ, ದೇಲಂಪಾಡಿ ಕಡೆ ಯಾರಾದರೂ ಈಗಾಗಲೇ ಇಟ್ಟುಕೊಂಡು ಒಂದು ಮಳೆಗಾಲ ಓಡಿಸಿದವರು ಇದ್ದರೆ ದಯವಿಟ್ಟು ತಿಳಿಸಿ, ಬಂದು ನೋಡುತ್ತೇವೆ.